ಹೇಳಿದವರು ಯಾರು? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

'ಚೀನಾಕ್ಕೆ ಹೋಗಿಯಾದರೂ ವಿದ್ಯೆ ಕಲಿಯಿರಿ' ಎಂಬ ಮಾತನ್ನು ಶಾಲೆಯ ಕಾರ್ಡಿನಲ್ಲಿ ಹಾಕಬಹುದಾ ಎಂದು ಕೇಳಿದ್ದೀಯ. ಬೇಡ ಮಾರಾಯ. ಮಾತೇನೋ ಚೆನ್ನಾಗಿದೆ, ಪ್ರವಾದಿ ಮುಹಮ್ಮದರ ಹದೀಸ್ (ಅವರು ಹೇಳಿದ್ದು, ಮಾಡಿದ್ದು ಎಂದು ಜನ ತಿಳಿಸಿದ ವರದಿ) ಎಂದೇ ಅದನ್ನು ಹೇಳುತ್ತಾರೆ. ಆದರೆ 12ನೇ ಶತಮಾನದಲ್ಲೇ ಬಗ್ದಾದಿನ ವಿದ್ವಾಂಸ ಇಬ್ನುಲ್ ಜೌಝಿ ಅದನ್ನು ಕಟ್ಟುಕತೆ ಹದೀಸ್‌ಗಳ ಸಾಲಿಗೆ ಸೇರಿಸಿಬಿಟ್ಟಿದ್ದಾರೆ. ಬದಲಿಗೆ 'ವಿದ್ಯೆ ಹುಡುಕಿ ಹೊರಟವನಿಗೆ ಅಲ್ಲಾಹನು ಸ್ವರ್ಗದ ದಾರಿ ಸುಲಭ ಮಾಡುತ್ತಾನೆ' ಎಂದು ಹಾಕು. ಅದು ನಂಬಿಕಸ್ತ ಹದೀಸ್ ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲಿದೆ.

ಕುರ್‌ಆನ್ ಇರುವಾಗ ಹದೀಸ್ ಯಾಕೆ ಅಂತಲೂ ಕೇಳಿದ್ದೀಯ. ನಮಾಝ್ ಮಾಡಿ ಎಂದು ಕುರ್‌ಆನ್ ಹೇಳುತ್ತದೆ. ಬೆಳಗಿನ ಜಾವ 2 ರಕಅತ್ (ನಮಾಝಿನ ಒಂದು ಸುತ್ತು), ಸೂರ್ಯ ಮುಳುಗಿದ ಮೇಲೆ 3 ಎಂಬ ಲೆಕ್ಕ ಅದರಲ್ಲಿಲ್ಲ. 'ನಾನು ನಮಾಝ್ ಮಾಡುವುದನ್ನು ಹೇಗೆ ಕಂಡಿರೋ ಹಾಗೇ ಮಾಡಿ' ಎಂದರು ಪ್ರವಾದಿ (ಸ). ಕಡ್ಡಾಯ ದಾನವಾದ ಝಕಾತ್‌ನ ನೂರಕ್ಕೆ ಎರಡೂವರೆಯೂ ಹದೀಸಿನಿಂದಲೇ ಬಂದದ್ದು.

ಇಷ್ಟೆಲ್ಲಾ ಅದರ ಮೇಲೆ ನಿಂತಿರುವುದಕ್ಕೇ ಹೇಳಿದವರ ಬಗ್ಗೆ ಅಷ್ಟೊಂದು ತನಿಖೆ. ಇಮಾಮ್ ಬುಖಾರಿ (810–870) ಸಂಗ್ರಹದ ಮೊದಲ ಹದೀಸನ್ನೇ ನೋಡು: 'ಕೆಲಸಗಳೆಲ್ಲ ನಿಯ್ಯತ್ತಿನ (ಮನಸ್ಸಿನ ಉದ್ದೇಶದ) ಮೇಲೆ.' ಬುಖಾರಿ ಇದನ್ನು ಕೇಳಿದ್ದು ಹುಮೈದಿಯಿಂದ, ಅವರು ಸುಫ್ಯಾನ್‌ರಿಂದ, ಅವರು ಯಹ್ಯಾರಿಂದ, ಅವರು ತೈಮಿಯಿಂದ, ಅವರು ಅಲ್ಖಮಾರಿಂದ. ಅಲ್ಖಮಾ ಕೇಳಿದ್ದು ಖಲೀಫ ಉಮರ್ ಮಿಂಬರ್ (ಮಸೀದಿಯ ಪ್ರವಚನ ಪೀಠ) ಮೇಲೆ ನಿಂತು ಹೇಳಿದಾಗ. ಮಜಾ ಏನು ಗೊತ್ತಾ? ಉಮರ್‌ರಿಂದ ಯಹ್ಯಾವರೆಗೆ ಒಬ್ಬರಿಂದ ಒಬ್ಬರಿಗೆ, ಅಷ್ಟೇ. ಯಹ್ಯಾರಿಂದ ಕೇಳಿದವರು ಮಾತ್ರ ತುಂಬಾ ಜನ. ದಾರಿ ಅಷ್ಟು ಸಪೂರ ಇದ್ದರೂ ಹದೀಸ್ ಸಹೀಹ್, ಅಂದರೆ ನಂಬತಕ್ಕದ್ದು. ಹೇಳಿದವರ ನೆನಪು ಗಟ್ಟಿಯಿತ್ತೇ, ಸುಳ್ಳಾಡುತ್ತಿದ್ದರೇ, ಒಬ್ಬರನ್ನೊಬ್ಬರು ನಿಜಕ್ಕೂ ಭೇಟಿಯಾಗಿದ್ದರೇ ಎಂದು ಹುಡುಕುವುದೇ ಒಂದು ದೊಡ್ಡ ವಿದ್ಯೆ. ಜನರ ಸಂಖ್ಯೆಗಿಂತ ಜನ ಎಂಥವರು ಎಂಬುದೇ ಅಲ್ಲಿ ಜಾಸ್ತಿ ಲೆಕ್ಕಕ್ಕೆ ಬರುವುದು.

ಹಾಗಂತ ನಂಬಿಕಸ್ತರು ಹೇಳಿದ್ದಕ್ಕೆಲ್ಲ ಸುಮ್ನೆ ತಲೆಯಾಡಿಸಿದರು ಅಂದುಕೊಳ್ಳಬೇಡ. ಮನೆಯವರು ಅತ್ತರೆ ಸತ್ತವರಿಗೆ ಶಿಕ್ಷೆಯಾಗುತ್ತದೆ ಎಂಬ ಹದೀಸನ್ನು ಉಮರ್ ಮತ್ತು ಅವರ ಮಗ ಹೇಳುತ್ತಿದ್ದರು. ಪ್ರವಾದಿಯ ಪತ್ನಿ ಆಯಿಷಾ ಒಪ್ಪಲಿಲ್ಲ. ಪ್ರವಾದಿ ಹಾಗೆ ಹೇಳಿಲ್ಲ, ನಿಮಗೆ ಕುರ್‌ಆನ್ ಸಾಲದೇ ಎಂದು 'ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ' ಎಂಬ ವಾಕ್ಯವನ್ನು ಮುಂದಿಟ್ಟರು. ನನಗೆ ತುಂಬಾ ಹಿಡಿಸುವುದು ಏನೆಂದರೆ, ಬುಖಾರಿ ಎರಡೂ ಕಡೆಯ ಮಾತನ್ನು ಬರೆದಿಟ್ಟಿದ್ದಾರೆ.

ಮೇಲೆ ಹೇಳಿದ್ದು ಸುನ್ನಿಗಳ ಸಂಗ್ರಹಗಳು. ಶಿಯಾಗಳ ಸಂಗ್ರಹಗಳು ಬೇರೆಯೇ ಇವೆ, ಕುಲೈನಿಯವರ 'ಅಲ್ ಕಾಫಿ'ಯಂಥವು. ಅದನ್ನು ಇನ್ನೊಂದು ಪತ್ರದಲ್ಲಿ ಬರೆಯುತ್ತೇನೆ. ಮನೆಯಲ್ಲಿ ಎಲ್ಲರಿಗೂ ಸಲಾಂ ಹೇಳು.

ನಿನ್ನ ಗೆಳೆಯ