ಮಗಳಿಗೊಂದು ಪತ್ರ: ರಾಜ್ಯಕ್ಕೂ ಯುದ್ಧಕ್ಕೂ ಏನು ಸಂಬಂಧ?

ಶಿವಮೊಗ್ಗ

ಪುಟ್ಟಿ,

ಭಾನುವಾರ ಫೋನಿನಲ್ಲಿ ನಿನ್ನ ಮೇಲೆ ರೇಗಿಬಿಟ್ಟೆ. ಯುದ್ಧ ನಿಲ್ಲಬೇಕು ಅಂತ ಅಲ್ಲಿ ಅಮೆರಿಕದ ರಾಜ್ಯ ಶಾಸನಸಭೆ ನಿರ್ಣಯ ಮಾಡಬೇಕು, ಅದಕ್ಕೆ ಸಹಿ ಸಂಗ್ರಹ ನಡೀತಿದೆ ಅಂದೆ ನೀನು. "ರಾಜ್ಯಕ್ಕೂ ಯುದ್ಧಕ್ಕೂ ಏನು ಸಂಬಂಧ? ಸುಮ್ನೆ ಓದಿಕೋ" ಅಂದೆ ನಾನು. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಪಾಠ ಮಾಡಿದ ನಾಲಿಗೆ ಇದು. ನಮ್ಮ ಸಂವಿಧಾನದ ಏಳನೇ ಅನುಸೂಚಿ, ಕೇಂದ್ರ ಪಟ್ಟಿ, 15ನೇ ವಿಷಯ: ಯುದ್ಧ ಮತ್ತು ಶಾಂತಿ. ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ!

ಫೋನಿಟ್ಟ ಮೇಲೆ ನೆನಪಾಯಿತು. ಬಾಸ್ಟನ್‌ನಲ್ಲಿ ಬಂಗಾರದ ಗುಮ್ಮಟದ ಮುಂದೆ ನಿಂತು ಫೋಟೋ ಕಳಿಸಿದ್ದೆಯಲ್ಲ, ಅದೇ ಮಸಾಚುಸೆಟ್ಸ್ ಶಾಸನಸಭೆ 1970ರಲ್ಲಿ ಒಂದು ಯುದ್ಧದ ವಿರುದ್ಧ ಕಾಯಿದೆಯನ್ನೇ ಮಾಡಿತ್ತು.

ಅದು ವಿಯೆಟ್ನಾಂ ಯುದ್ಧದ ಕಾಲ. ಅಮೆರಿಕದ ಸಂವಿಧಾನದಲ್ಲಿ ಯುದ್ಧ ಸಾರುವ ಅಧಿಕಾರ ಇರುವುದು ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ. ಅದು ಸಾರಲೇ ಇಲ್ಲ. ಆದರೂ ಹುಡುಗರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುತ್ತಿದ್ದರು. 1969ರ ಡಿಸೆಂಬರ್ 1ರಂದು ಲಾಟರಿ ಎತ್ತಿದರು. ವರ್ಷದ 366 ತಾರೀಖುಗಳ ಚೀಟಿ ಒಂದು ಗಾಜಿನ ಜಾಡಿಯಲ್ಲಿ. ನಮ್ಮ ಬೀದಿಯ ಚೀಟಿ ವ್ಯವಹಾರದ ಹಾಗೆ! ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದ ಹುಡುಗರ ಸರದಿ ಮೊದಲು. ಟಿವಿಯಲ್ಲಿ ನೇರವಾಗಿ ತೋರಿಸಿದರಂತೆ. ಎಷ್ಟು ಜನ ಅಮ್ಮಂದಿರು ಅದನ್ನು ನೋಡುತ್ತಾ ಕೂತಿದ್ದರೋ.

ನ್ಯೂಟನ್‌ನ ಶಾಸಕ ಜೇಮ್ಸ್ ಶೇ ಆ ಮಸೂದೆ ತಂದರು. ಕಾಂಗ್ರೆಸ್ ಯುದ್ಧ ಸಾರದೆ ನಮ್ಮ ರಾಜ್ಯದವರನ್ನು ಹೊರದೇಶದ ಹೋರಾಟಕ್ಕೆ ಬಲವಂತವಾಗಿ ಕಳಿಸುವಂತಿಲ್ಲ, ರಾಜ್ಯದ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಮುಖ್ಯ ವಕೀಲರು, ಆ ಹುಡುಗರ ಪರವಾಗಿ ಸುಪ್ರೀಂ ಕೋರ್ಟಿಗೆ ಹೋಗಬೇಕು ಅಂತ. ಏಪ್ರಿಲ್ 2ರಂದು ಗವರ್ನರ್ ಫ್ರಾನ್ಸಿಸ್ ಸಾರ್ಜೆಂಟ್ ಸಹಿ ಹಾಕಿದರು. ಅವರು ಅಧ್ಯಕ್ಷ ನಿಕ್ಸನ್ ಪಕ್ಷದವರೇ, ನೋಡು. ಪಾಪ, ಶೇ ಮುಂದಿನ ತಿಂಗಳೇ ತೀರಿಕೊಂಡರು. ಇನ್ನೂ ಚಿಕ್ಕ ವಯಸ್ಸು.

ನವೆಂಬರ್ 9ರಂದು ಸುಪ್ರೀಂ ಕೋರ್ಟು ಕೇಸು ಕೈಗೆತ್ತಿಕೊಳ್ಳುವುದಿಲ್ಲ ಅಂದುಬಿಟ್ಟಿತು. ಕಾರಣವನ್ನೂ ಕೊಡಲಿಲ್ಲ. ಒಂಬತ್ತು ಜನರಲ್ಲಿ ಮೂವರು ಒಪ್ಪಲಿಲ್ಲ. ಅವರಲ್ಲಿ ಡಗ್ಲಾಸ್ ಎಂಬ ನ್ಯಾಯಮೂರ್ತಿ ಯಾಕೆ ಕೇಳಲೇಬೇಕು ಅಂತ ಉದ್ದಕ್ಕೆ ಬರೆದಿಟ್ಟರು. ಸಿಕ್ಕರೆ ಓದು. ನಿನಗೆ ಇಷ್ಟವಾಗುತ್ತೆ.

ಬರೀ ನಿರ್ಣಯಗಳ ಬಗ್ಗೆ ನನಗೆ ಈಗಲೂ ಅಷ್ಟು ಗೌರವ ಇಲ್ಲ. 2013ರ ಮಾರ್ಚ್‌ನಲ್ಲಿ ತಮಿಳುನಾಡು ವಿಧಾನಸಭೆ ಶ್ರೀಲಂಕಾ ತಮಿಳರ ನಡುವೆ ಈಳಂ, ಅಂದರೆ ಪ್ರತ್ಯೇಕ ತಮಿಳು ದೇಶದ ಬಗ್ಗೆ ಜನಮತ ಸಂಗ್ರಹ ಆಗಲಿ ಅಂತ ನಿರ್ಣಯ ಮಾಡಿತು. ದೆಹಲಿ ಆ ದಾರಿಗೇ ಹೋಗಲಿಲ್ಲ. ಅಲ್ಲಿನ ಜನರ ನೋವು ಸುಳ್ಳಲ್ಲ, ಆದರೆ ಮೇಜು ಕುಟ್ಟಿ ಮನೆಗೆ ಹೋಗುವುದು ಸುಲಭ ಅಲ್ವಾ? ಮಸಾಚುಸೆಟ್ಸ್ ಕೂಡ ಸೋತಿತು. ಆದರೆ ಅದು ಬೇರೆಯವರಿಗೆ ಬುದ್ಧಿ ಹೇಳಲಿಲ್ಲ. ನಮ್ಮ ಹುಡುಗರನ್ನು ಯಾವ ಕಾನೂನಿನ ಮೇಲೆ ಕರೆದೊಯ್ಯುತ್ತೀರಿ ಅಂತ ಕೇಳಿತು. ನಿಮ್ಮ ಮನವಿಯಲ್ಲೂ ರಾಜ್ಯ ತನ್ನ ಕೈಯಿಂದ ಏನು ಮಾಡಬಹುದು ಅಂತ ಒಂದು ಸಾಲಾದರೂ ಇರಲಿ.

ಆದರೆ ನೀನು ವಿದ್ಯಾರ್ಥಿ ವೀಸಾದ ಮೇಲೆ ಇರುವವಳು. ಸಹಿ ಹಾಕುವ ಮೊದಲು ಯೂನಿವರ್ಸಿಟಿಯಲ್ಲಿ ವೀಸಾ ವಿಷಯ ನೋಡಿಕೊಳ್ಳುವವರನ್ನು ಒಂದು ಮಾತು ಕೇಳು. ಕೇಳಿದೆ ಅಂತ ನನಗೆ ಮೆಸೇಜ್ ಹಾಕು. ನಿಮ್ಮಪ್ಪ ಹಿಂದೆ ನಿಂತು ಓದುತ್ತಾ, "ಕ್ಲಾಸು ಮುಗೀತಾ?" ಅಂತಿದ್ದಾರೆ. ಚಟ್ನಿಪುಡಿ ಬೇರೆ ಪಾರ್ಸೆಲ್‌ನಲ್ಲಿ ಬರುತ್ತಿದೆ.

ನಿನ್ನ ಅಮ್ಮ