ಥೀಸಿಸ್ ಮುಗಿಯಿತು, ಥ್ಯಾಂಕ್ಸ್ ಬಾಕಿ ಇತ್ತು

ಮೊನ್ನೆ ಥೀಸಿಸ್ ಕೊಟ್ಟು ಮಡಿಕೇರಿಗೆ ಬಂದು ಇಳಿದಾಗ ಜೋರು ಮಳೆ. ಮನೆಗೆ ಹೋಗಿ ಮಲಗಿದವಳು ಮರುದಿನ ಮಧ್ಯಾಹ್ನ ಕಳೆದು ಅಸರ್ ನಮಾಜಿನ ಬಾಂಗಿಗೆ ಎದ್ದೆ. ಉಮ್ಮ ಎಬ್ಬಿಸಲೇ ಇಲ್ಲ. ಮೊದಲ ಥ್ಯಾಂಕ್ಸ್ ಅದಕ್ಕೇ.

"ಅದೇನು ಓದ್ತೀಯಾ?" ಎಂದು ಇಷ್ಟು ವರ್ಷ ಕೇಳಿದವರಿಗೆ ಈಗಲಾದರೂ ಹೇಳುತ್ತೇನೆ. ಇಸ್ಲಾಮಿನ ತಿಳಿವಳಿಕೆಯನ್ನೂ ಜೊತೆಗಿಟ್ಟು ಮನಸ್ಸನ್ನು ಓದುವ ಇಸ್ಲಾಮಿಕ್ ಸೈಕಾಲಜಿಯಲ್ಲಿ ಯಾವ ಪ್ರಶ್ನೆಗಳ ಮೇಲೆ ಮೊದಲು ಸಂಶೋಧನೆ ಆಗಬೇಕು, ಅದನ್ನು ಯಾರು ತೀರ್ಮಾನಿಸಬೇಕು, ಇಷ್ಟೇ. ಪಶ್ಚಿಮದ ಸಿದ್ಧಾಂತಗಳನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ ಎಂದು ಸುಡಾನಿನ ಮನಶ್ಶಾಸ್ತ್ರಜ್ಞ ಮಲಿಕ್ ಬದ್ರಿ ತಮ್ಮಂಥ ಮುಸ್ಲಿಂ ಮನಶ್ಶಾಸ್ತ್ರಜ್ಞರಿಗೆ 1979ರಲ್ಲೇ ಪುಸ್ತಕ ಬರೆದು ಹೇಳಿದ್ದರು. ಸರಿ, ನಕಲು ಬಿಟ್ಟೆವು, ಮುಂದೇನು?

ಪ್ರಶ್ನೆಗಳ ನನ್ನ ಮೊದಲ ಪಟ್ಟಿ ನೆನೆದರೆ ನಗು ಬರುತ್ತದೆ. ನಫ್ಸ್ (ಒಳಗಿನ 'ನಾನು') ಅಂದರೇನು, ಖಲ್ಬ್ (ಹೃದಯ) ಅಂದರೇನು, ರೂಹ್ (ಆತ್ಮ) ಬಗ್ಗೆ ಸಂಶೋಧನೆ ಸಾಧ್ಯವಾ, ಬರೀ ಇಂಥವೇ. ಗೈಡ್ ಮೇಡಂ ಓದಿ, "ಇದರಿಂದ ಯಾರಿಗೆ ರಾತ್ರಿ ನಿದ್ದೆ ಬರುತ್ತೆ?" ಎಂದು ವಾಪಸ್ ಕೊಟ್ಟರು. ಅವತ್ತು ಸಿಟ್ಟು ಬಂದಿತ್ತು. ಮೇಡಂ, ನೀವೇ ಸರಿ.

ನಾಪೋಕ್ಲು ಕಡೆಯ ಉಸ್ತಾದರಿಗೆ (ಧಾರ್ಮಿಕ ಗುರುಗಳಿಗೆ) ದೊಡ್ಡ ಸಲಾಂ. ನಮಾಜಿಗೆ ಮುಂಚಿನ ವುಜೂ ಸರಿಯಾಗಲಿಲ್ಲ ಎಂದು ಮತ್ತೆ ಮತ್ತೆ ಕೈಕಾಲು ತೊಳೆಯುವ ಹುಡುಗರು ಅವರ ಹತ್ತಿರ ಬರುತ್ತಾರೆ. ವಸ್ವಾಸ್, ಅಂದರೆ ಬಿಡದೆ ಕಾಡುವ ಸಂಶಯ. "ಖಚಿತವಾದದ್ದು ಸಂಶಯದಿಂದ ಅಳಿಯೋದಿಲ್ಲ ಅಂತ ಫಿಖ್‌ಹ್‌ನಲ್ಲೇ (ಇಸ್ಲಾಮಿನ ಧರ್ಮಶಾಸ್ತ್ರದಲ್ಲೇ) ಇದೆ, ಇನ್ನೊಂದು ಸಲ ತೊಳೀಬೇಡ ಅಂತ ನಾನು ಹೇಳ್ತೀನಿ, ಡಾಕ್ಟರೂ ಅದನ್ನೇ ಹೇಳ್ತಾರಂತೆ, ಇಬ್ಬರೂ ಸೇರಿ ಹೇಳಿದ್ರೆ ಬೇಗ ಗುಣ ಆಗುತ್ತಾ ನೋಡು" ಎಂದರು. ನನ್ನ ಪಟ್ಟಿಯಲ್ಲಿ ಈಗ ಮೊದಲು ನಿಂತಿರುವ ಪ್ರಶ್ನೆ ಇದೇ.

ಎರಡನೆಯದು 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಮನೆ ಕಳೆದುಕೊಂಡ ಒಬ್ಬ ಇತ್ತಾ (ಅಕ್ಕ) ಕೊಟ್ಟದ್ದು. "ಅತ್ತರೆ ಈಮಾನ್ (ನಂಬಿಕೆ) ಕಮ್ಮಿ ಅನ್ನೋರ ಬಗ್ಗೆ ಮೊದಲು ಓದು ಮೋಳೆ (ಮಗಳೇ)" ಎಂದರು. ಪ್ರವಾದಿಯವರೇ ಮಗ ಇಬ್ರಾಹಿಂ ತೀರಿಕೊಂಡಾಗ ಅತ್ತಿದ್ದರು, ಅಲ್ವಾ? ಕಾರಣ ಇರುವ ದುಃಖ ಬೇರೆ, ಕಾರಣ ಗೊತ್ತಾಗದ ದುಃಖ ಬೇರೆ ಎಂದು ಸಾವಿರ ವರ್ಷಕ್ಕೂ ಹಿಂದೆ ಮುಸ್ಲಿಂ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ ಬರೆದಿಟ್ಟಿದ್ದಾರೆ. ಆ ಇತ್ತಾಗೆ ಇಷ್ಟು ಹೇಳುವವರು ಒಬ್ಬರೂ ಸಿಕ್ಕಿರಲಿಲ್ಲ.

ಈ ಪಟ್ಟಿಗೆ ನಾನು ಬಳಸಿದ್ದು ಡೆಲ್ಫಿ ವಿಧಾನ, ಅಂದರೆ ಹಲವರನ್ನು ಸುತ್ತು ಸುತ್ತಾಗಿ ಕೇಳಿ ಒಮ್ಮತ ಹುಡುಕುವುದು. ಅದರಲ್ಲಿ ಯಾವ ಉತ್ತರ ಯಾರದ್ದು ಎಂದು ಉಳಿದವರಿಗೆ ತಿಳಿಯಬಾರದು. ದೊಡ್ಡವರ ಮಾತಿಗೆ ಉಳಿದವರು ತಲೆಯಾಡಿಸಬಾರದು ಅಂತ ಈ ನಿಯಮ. ನಮ್ಮೂರಲ್ಲಿ ಕೈಬರಹ ನೋಡಿಯೇ ಮನೆ ಹೆಸರು ಹೇಳಿಬಿಡುತ್ತಾರೆ! ಅದಕ್ಕೇ ರಾತ್ರಿ ಕೂತು ಎಲ್ಲರ ಉತ್ತರ ಟೈಪ್ ಮಾಡಿಕೊಟ್ಟ ತಮ್ಮನಿಗೂ ಥ್ಯಾಂಕ್ಸ್. ಕಾಫಿ ಕೊಯ್ಲಿನ ಮಧ್ಯೆ ಕೂತು ಮಾತಾಡಿದ ತೋಟದ ಲೈನ್ ಮನೆಯ ಕೂಲಿ ಹೆಂಗಸರಿಗಂತೂ ಎಷ್ಟು ಹೇಳಿದರೂ ಕಮ್ಮಿ, ಅವತ್ತಿನ ಕೂಲಿ ತೂಕದ ಮೇಲೆ ಇತ್ತು.

ಥೀಸಿಸ್ ಇಂಗ್ಲಿಷಿನಲ್ಲಿದೆ. "ನಮಗೆ ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡು, ಶುಕ್ರವಾರದೊಳಗೆ" ಎಂದು ಉಸ್ತಾದ್ ಫೋನ್ ಮಾಡಿದ್ದರು. ಒಂದು ಪುಟ ಆಗಿದೆ.