ತಿಂಗಳ ಸಂಬಳದೋರಿಗೆ ಓಟಿ ಇಲ್ಲ ಅಂದೋರು ಯಾರು?

ಸಂಪಾದಕರಿಗೆ ನಮಸ್ಕಾರ,

ಸಂಬಳದ ಲೆಕ್ಕ ನೋಡೋ ಕೆಲಸದಲ್ಲಿ ಇರೋನು ನಾನು, ಓಟಿ, ಅಂದ್ರೆ ನಿಗದಿತ ಗಂಟೆ ಮೀರಿ ಮಾಡಿದ ಕೆಲಸಕ್ಕೆ ಕೊಡೋ ದುಡ್ಡಿನ ಬಗ್ಗೆ ಮಾತು ಬಂದಾಗೆಲ್ಲ ಹೆಚ್ಚಿನೋರು ಹೇಳೋದು ಒಂದೇ, ನಂದು ತಿಂಗಳ ಸಂಬಳ ಅಲ್ವಾ ಸಾರ್, ನಂಗೆಲ್ಲಿಂದ ಓಟಿ ಬರುತ್ತೆ ಅಂತ. ಇದನ್ನ ಕೇಳಿದಾಗ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ, ಯಾಕಂದ್ರೆ ತಿಂಗಳ ಸಂಬಳ ಅನ್ನೋ ಒಂದೇ ಕಾರಣಕ್ಕೆ ಓಟಿ ಹಕ್ಕು ಹೋಗಲ್ಲ.

ಅಮೆರಿಕದ 1938ರ ಕಾನೂನು ತಗೊಳ್ಳಿ, ವಾರಕ್ಕೆ 40 ಗಂಟೆ ದಾಟಿದ್ರೆ ಒಂದೂವರೆ ಪಟ್ಟು ಕೊಡ್ಬೇಕು, ಯಾರಿಗೆ ಓಟಿ ಕೊಡ್ಬೇಕಿಲ್ಲ ಅಂತ ತೀರ್ಮಾನ ಆಗೋದು ಮಾಡೋ ಕೆಲಸ ಮತ್ತೆ ಸಂಬಳ ನೋಡಿ, ಹುದ್ದೆ ಹೆಸರು ನೋಡಿ ಅಲ್ಲ. ದಿನವಿಡೀ ಮಾಲು ಹೊರಿಸಿ ಐಡಿ ಕಾರ್ಡಲ್ಲಿ ಮಾತ್ರ ಮ್ಯಾನೇಜರ್ ಅಂತ ಬರೆದುಬಿಟ್ರೆ ಆಗೋಯ್ತಾ? ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ ಇಲ್ಲಾ ವಾರಕ್ಕೆ 48 ಗಂಟೆ ಮೀರಿದ್ರೆ ಡಬಲ್ ಅಂತ ಹೇಳಿತ್ತು, 2019ರ ವೇತನ ಸಂಹಿತೆನೂ ಎರಡು ಪಟ್ಟಿಗಿಂತ ಕಮ್ಮಿ ಕೊಡೋ ಹಾಗಿಲ್ಲ ಅಂತಾನೇ ಹೇಳುತ್ತೆ.

ಆದ್ರೆ ಡಬಲ್ ಅಂದ್ರೆ ಯಾವುದರ ಡಬಲ್? ದುಡ್ಡು ಸೋರೋದು ಇಲ್ಲೇ. ಗಂಟೆಗೆ ಬೇಸಿಕ್ (ಮೂಲ ವೇತನ) 60 ರೂಪಾಯಿ, ಡಿಎ (ತುಟ್ಟಿಭತ್ಯೆ) 40 ರೂಪಾಯಿ ಬರ್ತಿದೆ ಅಂತಿಟ್ಕೊಳ್ಳಿ, ಎರಡೂ ಸೇರಿಸಿ ಡಬಲ್ ಮಾಡಿದ್ರೆ ಓಟಿ ಗಂಟೆಗೆ 200 ಬರ್ಬೇಕು, ಎಷ್ಟೋ ಕಡೆ ಬರೀ ಬೇಸಿಕ್ ಹಿಡಿದು 120 ಕೊಟ್ಟು ಡಬಲ್ ಕೊಟ್ವಿ ಅಂತಾರೆ, ಪೇ ಸ್ಲಿಪ್ಪಲ್ಲಿ ಅದಕ್ಕೆ ಇನ್ಸೆಂಟಿವ್ ಅಂತ ಹೆಸರು ಹಾಕಿದ್ರಂತೂ ಎಷ್ಟು ಗಂಟೆಗೆ ಎಷ್ಟು ಬಂತು ಅಂತ ಯಾರಿಗೂ ಗೊತ್ತಾಗಲ್ಲ. ಇನ್ನೊಂದು, ಈ ವಾರ ಜಾಸ್ತಿ ಮಾಡು ಮುಂದಿನ ವಾರ ಬೇಗ ಹೋಗು, ಸರಿಹೋಗುತ್ತೆ ಅನ್ನೋದು. ಅಮೆರಿಕದಲ್ಲಿ ಸಾಮಾನ್ಯವಾಗಿ ಹಾಗೆ ಸರಾಸರಿ ಮಾಡೋ ಹಾಗಿಲ್ಲ, ಒಂದು ವಾರ 50 ಇನ್ನೊಂದು ವಾರ 30 ಗಂಟೆ ಮಾಡಿದ್ರೂ ಮೊದಲ ವಾರದ 10 ಗಂಟೆ ಓಟಿನೇ.

ಇದಕ್ಕಿಂತ ದೊಡ್ಡ ತೊಂದರೆ ಬರೆದಿಡದ ಗಂಟೆಗಳದ್ದು. ಆರಕ್ಕೆ ಪಂಚ್ ಔಟ್ ಮಾಡಿ ವಾಪಸ್ ಬಂದು ಕೂತು ಕೆಲಸ ಮುಗಿಸೋರು, ಮನೆಗೆ ಹೋದ್ಮೇಲೂ ಮೆಸೇಜಿಗೆ ಉತ್ತರ ಕೊಡ್ತಾ ರಿಪೋರ್ಟ್ ಕಳಿಸೋರು, ಮೆಷಿನ್ ಲೆಕ್ಕದಲ್ಲಿ ಇವರೆಲ್ಲ ಆರಕ್ಕೇ ಮನೆಗೆ ಹೋದವರು! ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರಲ್ಲಿ ದಿನದ ಕೆಲಸದ ಅವಧಿನ ನಂಬೋ ಹಾಗೆ ದಾಖಲಿಸೋ ವ್ಯವಸ್ಥೆ ಕಂಪನಿಗಳಲ್ಲಿ ಇರ್ಲೇಬೇಕು ಅಂತ ಹೇಳ್ತು, ಅದು ಎಲ್ಲಾ ಕಡೆ ಆಗ್ಬೇಕು ಅನ್ನೋದು ನನ್ನ ಅಭಿಪ್ರಾಯ. ಅಲ್ಲಿವರೆಗೆ ದಯವಿಟ್ಟು ನಿಮ್ಮದೇ ಒಂದು ಡೈರಿ ಇಟ್ಕೊಳ್ಳಿ, ತಾರೀಖು, ಬಂದ ಟೈಮು, ಹೋದ ಟೈಮು, ಹೆಚ್ಚು ಹೊತ್ತು ಇರೋಕೆ ಹೇಳಿದ್ದು ಯಾರು, ಅಷ್ಟು ಸಾಕು, ದಿನದಿನಾನೇ ಬರೀಬೇಕು, ತಿಂಗಳ ಕೊನೆಗೆ ನೆನಪು ಮಾಡ್ಕೊಂಡು ಬರೆದಿದ್ದಕ್ಕೆ ತೂಕ ಕಮ್ಮಿ.

ಸೇರುವಾಗ್ಲೇ ಓಟಿ ಬೇಡ ಅಂತ ಸೈನ್ ಹಾಕಿದೀನಲ್ಲ ಅಂತ ಸುಮ್ನಿರೋರೂ ಇದಾರೆ. ಅಮೆರಿಕದ ಸುಪ್ರೀಂ ಕೋರ್ಟ್ 1945ರಲ್ಲೇ ಇಂಥ ಹಕ್ಕನ್ನ ಒಪ್ಪಂದ ಮಾಡ್ಕೊಂಡು ಬಿಟ್ಟುಕೊಡೋಕೆ ಆಗಲ್ಲ ಅಂತ ಹೇಳಿದೆ. ಇದು ಬರೀ ದುಡ್ಡಿನ ವಿಷಯ ಅಂತ ದಯವಿಟ್ಟು ಅಂದ್ಕೋಬೇಡಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೇಳಿದ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಜಾಸ್ತಿ ದುಡಿಯೋರಿಗೆ 35ರಿಂದ 40 ಗಂಟೆ ದುಡಿಯೋರಿಗಿಂತ ಪಾರ್ಶ್ವವಾಯು ಅಪಾಯ ಸುಮಾರು 35% ಹೆಚ್ಚು.

ನಿಮ್ಮಲ್ಲಿ ಒಂದು ಕೋರಿಕೆ. ಷೇರು, ತೆರಿಗೆ ಬಗ್ಗೆ ಅಷ್ಟೆಲ್ಲ ಬರೀತೀರಿ, ಅದೇ ಜಾಗದಲ್ಲಿ ಒಂದು ಸಲ ಪೇ ಸ್ಲಿಪ್ ಹಾಕಿ ಓಟಿ ಲೆಕ್ಕ ಹೆಂಗೆ ಮಾಡೋದು, ದುಡ್ಡು ಬರದಿದ್ರೆ ಕಾರ್ಮಿಕ ಇಲಾಖೆಗೆ ಅರ್ಜಿ ಹೆಂಗೆ ಕೊಡೋದು ಅಂತ ಬಿಡಿಸಿ ಬರೀರಿ.

ಇತಿ,
ನಿಮ್ಮ ಓದುಗ